ಅಮ್ಮನ ಸೀರೆಯ ಸುಕ್ಕು

ಅಮ್ಮನು ತೀರಿಕೊಂಡ ಬಳಿಕ ಆಕೆಯ ಎರಡು ಪಾಲಿಯೆಸ್ಟರ್ ಸೀರೆಗಳು ನನ್ನ ಪಾಲಿಗೆ ಬಂದುವು. ಮೊದಲನೆಯದರ ಸುಕ್ಕು ತೆಗೆಯಲೆಂದು, ಹತ್ತಿಬಟ್ಟೆಗೆ ಮಾಡುವಂತೆಯೇ, ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಚೆನ್ನಾಗಿ ಕಾಯಿಸಿ ಒತ್ತಿದೆನು. ಸೆರಗು ಕರಗಿ ಪೆಟ್ಟಿಗೆಗೆ ಅಂಟಿತು. ಅಂದು ನಾನು ಅತ್ತುದು ಬಟ್ಟೆಗಾಗಿ ಅಲ್ಲ.

ಈ ನೂಲು ಸುಮಾರು 80 ಡಿಗ್ರಿ ಸೆಲ್ಸಿಯಸ್ ಕಾವಿಗೆ ಮೆತ್ತಗಾಗುವುದು. 250ನ್ನು ಮೀರಿದರೆ ಕರಗುವುದು. ಆರುವಾಗ ಹೇಗಿರುವುದೋ ಆ ರೂಪದಲ್ಲಿಯೇ ನಿಲ್ಲುವುದು.

ಎರಡನೆಯ ಸೀರೆಯನ್ನು ಒಳಮಗ್ಗುಲು ಮೇಲಾಗುವಂತೆ ಹಾಸಿದೆನು. ನೆನೆಸಿ ಹಿಂಡಿದ ತೆಳುವಾದ ಹತ್ತಿಬಟ್ಟೆಯನ್ನು ಅದರ ಮೇಲೆ ಹೊದಿಸಿ, ವಿದ್ಯುತ್ ಪೆಟ್ಟಿಗೆಯನ್ನು ಎರಡು ಚುಕ್ಕೆಗಳ ಗುರುತಿಗಿಟ್ಟು, ಒಂದೆಡೆ ನಿಲ್ಲಿಸದೆ ಆಡಿಸಿದೆನು. ಪೂರ್ತಿ ಆರುವವರೆಗೂ ಮಡಿಸಲಿಲ್ಲ. ಸುಕ್ಕೆಲ್ಲವೂ ಮಾಯವಾಯಿತು.

ಮಗಳ ಸೀಮಂತದ ದಿನ ಅದನ್ನೇ ಉಟ್ಟೆನು. ದೂರದಿಂದ ನೋಡಿದ ಅಕ್ಕನು ಕ್ಷಣಕಾಲ ಅಮ್ಮನೆಂದೇ ಭ್ರಮಿಸಿದಳಂತೆ.