ಡಾಕ್ ಬದಲಿಸಲೋ ಬೇಡವೋ?

ಹೋದ ಶ್ರಾವಣ ಪೂರ್ತಿ ನಮ್ಮ ಮನೆಯಲ್ಲಿ ಡಾಕ್‌ನದೇ ಮಾತು. ಊಟಕ್ಕೆ ಕೂತರೂ ಡಾಕ್, ಮಲಗುವ ಹೊತ್ತಿಗೂ ಡಾಕ್. ಕಾಂಪೌಂಡಿನ ಆಚೆಯಿಂದ ಕೇಳಿಸಿಕೊಂಡ ಪಕ್ಕದ ಮನೆಯಾಕೆ ಒಂದು ದಿನ ಮೆಲ್ಲಗೆ, "ಯಾವ ಡಾಕ್ಟರ ಹತ್ರ ತೋರಿಸ್ತಿದೀರಿ? ಯಾರಿಗೆ ಹುಷಾರಿಲ್ಲ?" ಎಂದು ಕೇಳಿಯೇಬಿಟ್ಟರು. ಹುಷಾರು ತಪ್ಪಿದ್ದು ನನಗೇ ಅನ್ನಿ. ಕಾಯಿಲೆಯ ಹೆಸರು ಸಂಗೀತದ ಹುಚ್ಚು.

ವಿಷಯ ಇಷ್ಟು. 2010ರಲ್ಲಿ ಮಗ ತನ್ನ ಮೊದಲ ವರ್ಷದ ಸಂಬಳದಲ್ಲಿ ನನಗೊಂದು ಐಪಾಡ್ ಕ್ಲಾಸಿಕ್ ತಂದುಕೊಟ್ಟ. ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆ, ಒಳಗೆ 160 ಜಿಬಿ ಜಾಗ. "ಅಮ್ಮಾ, 40,000 ಹಾಡು ಹಿಡಿಯುತ್ತಂತೆ" ಎಂದ. ಅದನ್ನು ಕೂರಿಸುವ ಪುಟ್ಟ ಪೀಠವೇ ಈ ಡಾಕ್. ಮೇಲಿಟ್ಟರೆ ಚಾರ್ಜೂ ಆಗುತ್ತದೆ, ಹಾಡು ತಂತಿಯಲ್ಲಿ ಹರಿದು ಆಂಪ್ಲಿಫೈಯರಿಗೂ ಅಲ್ಲಿಂದ ಸ್ಪೀಕರಿಗೂ ಹೋಗುತ್ತದೆ. ಮಧ್ಯಾಹ್ನ ಮೂರಕ್ಕೆ ಅಡುಗೆಮನೆ ಒರೆಸಿ ಸೀರೆಗೆ ಕುಚ್ಚು ಕಟ್ಟಲು ಕೂತೆನೆಂದರೆ, ಐದರ ಕಾಫಿಯವರೆಗೆ ಅದೇ ನನ್ನ ಜೊತೆಗಾತಿ.

ವರಮಹಾಲಕ್ಷ್ಮಿಯ ಸಂಜೆ ಹಿಂದಿನ ರಸ್ತೆಯ ಮೇಷ್ಟ್ರ ಮನೆಗೆ ಅರಿಶಿನ ಕುಂಕುಮಕ್ಕೆ ಹೋದಾಗಲೇ ನನ್ನ ಮನಸ್ಸು ಕೆಟ್ಟದ್ದು. ಒಳಕೋಣೆಯಲ್ಲಿ ಯಾರೋ ವೀಣೆ ನುಡಿಸುತ್ತಿದ್ದಾರೆ ಎಂದುಕೊಂಡೆ. ಇಣುಕಿದರೆ ಕುರ್ಚಿ ಖಾಲಿ! ನನ್ನಲ್ಲಿರುವಂಥದೇ ಐಪಾಡ್, ಬೇರೆ ಡಾಕ್.

ಮೇಷ್ಟ್ರು ಗಣಿತ ಹೇಳಿಕೊಟ್ಟವರು, ವಿವರಿಸದೆ ಬಿಡುವವರಲ್ಲ. "ನೋಡಿಮ್ಮಾ, ಸಿ.ಡಿ.ಯಲ್ಲಿರೋದು ಬರೀ ಅಂಕಿ. ಸೆಕೆಂಡಿಗೆ 44,100 ಸಲ ಧ್ವನೀನ ಅಳೆದು, ಒಂದೊಂದು ಅಳತೇನೂ 16 ಬಿಟ್‌ನಲ್ಲಿ ಬರೆದಿರ್ತಾರೆ. ಆ ಅಂಕಿಗಳನ್ನ ಮತ್ತೆ ಧ್ವನಿ ಮಾಡೋ ಚಿಪ್ಪಿಗೆ ಡ್ಯಾಕ್ ಅಂತಾರೆ. ಐಪಾಡ್ ಒಳಗೂ ಒಂದು ಇರುತ್ತೆ. ನಿಮ್ಮ ಡಾಕು ಅದು ಮಾಡಿಕೊಟ್ಟ ಧ್ವನೀನ ತಗೊಳ್ಳುತ್ತೆ. ನನ್ನದು ಅಂಕಿಗಳನ್ನೇ ತಗೊಂಡು ಹೊರಗಿರೋ ದೊಡ್ಡ ಡ್ಯಾಕಿಗೆ ಕೊಡುತ್ತೆ."

"ಡಾಕ್ ಬೇರೆ, ಡ್ಯಾಕ್ ಬೇರೆಯೋ!" ಎಂದು ನಮ್ಮೆಜಮಾನರು ತಲೆ ಕೆರೆದುಕೊಂಡರು.

ಇಂಥ ಡಾಕುಗಳಲ್ಲಿ ಮೊದಲು ಹೆಸರಾದದ್ದು 2008ರಲ್ಲಿ ಅಮೆರಿಕದ ವಾಡಿಯಾ ಕಂಪನಿ ತಂದ 170ಐ ಅಂತೆ. ಮೇಷ್ಟ್ರದು ಆಮೇಲೆ ಬಂದ ಬೇರೊಂದು. ಮಗಳ ಮನೆಗೆ ಹೋಗಿ ನೆಲೆಸುವವರಿದ್ದ ಅವರು ಡಾಕ್, ಡ್ಯಾಕ್ ಎರಡನ್ನೂ ಸೇರಿಸಿ 28,000 ರೂಪಾಯಿಗೆ ಕೊಡುವುದಾಗಿ ಹೇಳಿದರು. ನನ್ನ ಕುಚ್ಚಿನ ಡಬ್ಬಿಯಲ್ಲಿ ಮೂರು ವರ್ಷದ ಕೂಡಿಕೆ 31,000 ಇತ್ತು. ದೇವರೇ ಲೆಕ್ಕ ಹಾಕಿ ಕಳಿಸಿದ ಹಾಗಿತ್ತು!

ನನ್ನ ಆಸೆಗೆ ಇನ್ನೂ ಒಂದು ಕಾರಣವಿತ್ತು. ಇವರಿಗೂ ಹೇಳಿರಲಿಲ್ಲ. 1986ರಲ್ಲಿ, ನನ್ನ ತಂಗಿಯ ಮದುವೆಗೆ ವಾರವಿದ್ದಾಗ, ಅಮ್ಮ ತೂಗುಯ್ಯಾಲೆಯ ಮೇಲೆ ಕೂತು ಹಸೆಯ ಹಾಡು, ಉರುಟಣೆ ಹಾಡು ಹಾಡಿದ್ದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದೆವು. ಅಮ್ಮ ಹೋಗಿ ಮೂವತ್ತು ವರ್ಷ ದಾಟಿತು. 2011ರಲ್ಲಿ ಆ ಕ್ಯಾಸೆಟ್ಟನ್ನು ಅಂಗಡಿಯೊಂದಕ್ಕೆ ಕೊಟ್ಟು ಎಂಪಿ3 ಮಾಡಿಸಿ ಐಪಾಡಿಗೆ ತುಂಬಿಸಿದ್ದೆ. "ಗೊರ ಗೊರ ಎಲ್ಲಾ ತೆಗೆದು ಕ್ಲೀನ್ ಮಾಡಿದೀವಿ ಮೇಡಂ" ಎಂದಿದ್ದರು. ಆದರೆ ಕೇಳುವಾಗೆಲ್ಲ ಅಮ್ಮ ಗಾಜಿನ ಆಚೆ ನಿಂತು ಹಾಡಿದ ಹಾಗೆ. ಒಳ್ಳೆಯ ಡಾಕ್ ಬಂದರೆ ಆ ಗಾಜು ಸರಿದೀತು ಎಂಬುದೇ ನನ್ನ ಗುಟ್ಟು.

ಮೇಷ್ಟ್ರು ದೊಡ್ಡ ಮನಸ್ಸಿನವರು. "ಹದಿನೈದು ದಿನ ಇಟ್ಟುಕೊಂಡು ನೋಡಿ, ಆಮೇಲೆ ದುಡ್ಡಿನ ಮಾತು" ಎಂದು ತಮ್ಮ ಐಪಾಡ್ ಸಮೇತ ಕೊಟ್ಟು ಕಳಿಸಿದರು.

ಅಂದು ರಾತ್ರಿ ಮಗನಿಗೆ ಫೋನು ಮಾಡಿದೆ. "ಅಮ್ಮಾ, ಕಣ್ಣಲ್ಲಿ ನೋಡ್ತಾ ಕೇಳಬೇಡ. ಯಾವ ಡಾಕ್ ಅಂತ ಅಪ್ಪ ಹೇಳಬಾರದು, ನೀನು ಊಹಿಸಬೇಕು. ಎರಡರ ಸದ್ದೂ ಒಂದೇ ಮಟ್ಟದಲ್ಲಿರಲಿ. ಚೂರು ಜೋರಾಗಿರೋದೇ ಕಿವಿಗೆ ಚೆಂದ ಅನ್ನಿಸಿಬಿಡುತ್ತೆ" ಎಂದ. ಮಾರನೆಯ ಮಧ್ಯಾಹ್ನ ನಾನು ಗೋಡೆಗೆ ಮುಖ ಮಾಡಿ ಕೂತೆ. ಇವರು ಹಿಂದೆ ನಿಂತು ಐಪಾಡನ್ನು ಒಮ್ಮೆ ಈ ಡಾಕಿಗೆ, ಒಮ್ಮೆ ಆ ಡಾಕಿಗೆ ಇಟ್ಟರು. ಮೊಬೈಲಿನಲ್ಲಿ ಸದ್ದಿನ ಮಟ್ಟ ಅಳೆದು ಸರಿ ಮಾಡಿಕೊಂಡೆವು. ಉತ್ತರಗಳನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆ.

ನನ್ನ ಹಳೆಯ ಎಂಪಿ3 ಹಾಡುಗಳಲ್ಲಿ ಹತ್ತಕ್ಕೆ ಐದು ಸರಿ. "ನಾಣ್ಯ ಚಿಮ್ಮಿದ್ರೂ ಇಷ್ಟು ಬರ್ತಿತ್ತಲ್ಲೇ" ಎಂದು ಇವರು ನಕ್ಕರು. ಮೇಷ್ಟ್ರು ಸಿ.ಡಿ.ಯಿಂದ ಏನೂ ಕಳೆಯದೆ ತುಂಬಿಸಿದ್ದ ವೀಣೆಯಲ್ಲಿ ಹತ್ತಕ್ಕೆ ಏಳು. ನನಗೆ ಹೆಮ್ಮೆಯಾಯಿತು. ಮೇಷ್ಟ್ರು ಮಾತ್ರ ಲೆಕ್ಕ ಹಾಕಿ, ನಾಣ್ಯ ಚಿಮ್ಮಿದರೂ ಆರು ಸರದಿಯಲ್ಲಿ ಸುಮಾರು ಒಂದು ಸಲ ಏಳೋ ಅದಕ್ಕಿಂತ ಹೆಚ್ಚೋ ಬಂದೀತು ಎಂದರು. ಅರವತ್ತು ದಾಟಿದ ಕಿವಿಯಲ್ಲಿ ತೀರಾ ಮೇಲಿನ ಸ್ವರಗಳು ಮೊದಲು ಜಾರುತ್ತವೆ ಎಂಬ ಸತ್ಯವನ್ನೂ ಸೇರಿಸಿದರು. ಸಂಕಟವಾದರೂ ಒಪ್ಪಿಕೊಂಡೆ.

ಹಾಗಾದರೆ ಅವರ ಮನೆಯಲ್ಲಿ ವೀಣೆ ಅಷ್ಟು ಜೀವಂತವಾಗಿ ಕೇಳಿಸಿದ್ದು ಹೇಗೆ? ಅವರೇ ಬಂದು ನಮ್ಮ ಹಾಲಿನ ಸುತ್ತ ಕಣ್ಣಾಡಿಸಿದರು. ನಮ್ಮ ಸ್ಪೀಕರುಗಳು ಷೋಕೇಸಿನೊಳಗೆ ಚನ್ನಪಟ್ಟಣದ ಗೊಂಬೆಗಳ ನಡುವೆ ಕೂತಿದ್ದವು! ಅವನ್ನು ಹೊರತೆಗೆದು, ಗೋಡೆಯಿಂದ ಎರಡಡಿ ಮುಂದಕ್ಕೆ, ಕಿವಿಯ ಎತ್ತರಕ್ಕೆ ಎರಡು ಸ್ಟೂಲಿನ ಮೇಲಿಟ್ಟು, ನಾನು ಕೂರುವ ಕಡೆಗೆ ಸ್ವಲ್ಪ ತಿರುಗಿಸಿದೆವು. ನನ್ನ ಹಳೆಯ ಡಾಕಿನಲ್ಲೇ ಮೃದಂಗ ಒಂದು ಕಡೆ, ಪಿಟೀಲು ಒಂದು ಕಡೆ ಬಂದು ಕೂತವು. ಈ ವ್ಯತ್ಯಾಸ ಹೇಳಲು ನಾಣ್ಯವೂ ಬೇಕಿರಲಿಲ್ಲ, ಪರೀಕ್ಷೆಯೂ ಬೇಕಿರಲಿಲ್ಲ.

ಆದರೆ ಅಮ್ಮ ಗಾಜಿನ ಆಚೆಯೇ ಇದ್ದಳು. ದೊಡ್ಡ ಡ್ಯಾಕಿಗೆ ಹಾಕಿದರೂ ಅಷ್ಟೇ. "ಸ", "ಶ" ಬಂದಾಗೆಲ್ಲ ನೀರಿನಲ್ಲಿ ಅದ್ದಿ ತೆಗೆದಂತೆ ಕೇಳುತ್ತಿತ್ತು. ನನ್ನ ಮುಖ ನೋಡಿ ಮೇಷ್ಟ್ರು ಮೆತ್ತಗೆ ಹೇಳಿದರು: "ಸೀರೆ ಮಡಿಚಿಡೋದು ಬೇರೆ, ಸೆರಗು ಕತ್ತರಿಸೋದು ಬೇರೆ ಕಣಮ್ಮಾ. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಇರುತ್ತೆ. ಲಾಸ್‌ಲೆಸ್ ಅನ್ನೋ ವಿಧಾನ ಅದನ್ನ ಹೆಚ್ಚುಕಮ್ಮಿ ಅರ್ಧಕ್ಕೆ ಮಡಿಚಿಡುತ್ತೆ, ಬಿಚ್ಚಿದರೆ ಒಂದು ಎಳೆಯೂ ಕಮ್ಮಿ ಇರೋಲ್ಲ. ಎಂಪಿ3 ಕತ್ತರಿಸಿ ಬಿಸಾಡುತ್ತೆ. ನಿಮ್ಮ ತಾಯಿಯವರ ಹಾಡನ್ನ 64ಕ್ಕೆ ಇಳಿಸಿಬಿಟ್ಟಿದಾರೆ. ಇಲ್ಲದ ಸೆರಗನ್ನ ಯಾವ ಡಾಕ್ ತಂದುಕೊಡುತ್ತೆ?"

ಅಂದು ಕುಚ್ಚು ಮುಟ್ಟಲಿಲ್ಲ. ಕ್ಯಾಸೆಟ್ ಎಲ್ಲಿ? ಐಪಾಡಿಗೆ ಬಂದಾಯಿತಲ್ಲ ಎಂದು ಅದನ್ನು ಯಾರಿಗೆ ಕೊಟ್ಟೆನೋ, ರದ್ದಿಗೆ ಹಾಕಿದೆನೋ, ಒಂದೂ ನೆನಪಾಗಲೊಲ್ಲದು. ಅಳುಕುತ್ತಲೇ ಸಾಗರದಲ್ಲಿರುವ ತಂಗಿಗೆ ಫೋನು ಮಾಡಿದೆ.

"ಅಯ್ಯೋ ಅಕ್ಕಾ, ನೀನೇ ತಾನೆ ಇನ್ನು ಬೇಡ ಅಂತ ನಂಗೆ ಕೊಟ್ಟಿದ್ದು? ಅಟ್ಟದ ಟ್ರಂಕಲ್ಲಿದೆ. ಅಮ್ಮನ ಧ್ವನಿ ಕಣೇ, ಬಿಸಾಡೋಕಾಗುತ್ತಾ?"

ನಾನು ಬಿಸಾಡಲು ಹೊರಟಿದ್ದೆ ಎಂದು ಅವಳಿಗೆ ಹೇಳಲಿಲ್ಲ.

ಕ್ಯಾಸೆಟ್ ಮುಂದಿನ ಭಾನುವಾರ ಅವಳ ಮಗನ ಕೈಯಲ್ಲಿ ಬಂತು. ನಮ್ಮ ಹಳೆಯ ಡೆಕ್ಕಿನ ರಬ್ಬರ್ ಬೆಲ್ಟು ಕರಗಿ ಅಂಟಾಗಿತ್ತು. ರಿಪೇರಿಯವರು ಬೆಲ್ಟು ಬದಲಿಸಿ, ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಅದರ ಓರೆಯನ್ನು ಟೇಪಿಗೆ ಸರಿಯಾಗಿ ಹೊಂದಿಸಿ 4,500 ರೂಪಾಯಿ ತೆಗೆದುಕೊಂಡರು. ಕ್ಯಾಸೆಟ್ಟನ್ನು ಒಮ್ಮೆ ಕೊನೆಯವರೆಗೆ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿ, ಆಮೇಲೆ ಹಾಕಿದೆವು. ಮಗ ಫೋನಿನಲ್ಲಿ ಹೇಳಿದಂತೆ ಕಂಪ್ಯೂಟರಿನಲ್ಲಿ ಸೆಕೆಂಡಿಗೆ 48,000 ಅಳತೆ, 24 ಬಿಟ್, ವೇವ್ ಫೈಲು. ಗೊರಗೊರ ತೆಗೆಯುವ ಕೆಲಸ ಯಾರೂ ಮಾಡಕೂಡದೆಂದು ಕಟ್ಟಪ್ಪಣೆ ಹೊರಡಿಸಿದೆ.

ಗೊರಗೊರದ ನಡುವೆ ಮೊದಲು ಕೇಳಿಸಿದ್ದು ಉಯ್ಯಾಲೆಯ ಸರಪಳಿ, ಕಿರ್ ಎಂದು. ಆಮೇಲೆ ಅಪ್ಪನ ಕೆಮ್ಮು. ಆಮೇಲೆ, ಹಾಡು ಶುರುವಾಗುವ ಮುಂಚೆ, ಅಮ್ಮ ಎಳೆದುಕೊಂಡ ಒಂದು ಉಸಿರು. ಪ್ರತಿ ಸಾಲಿನ ಮುಂಚೆಯೂ ಒಂದೊಂದು ಉಸಿರು. ಅಂಗಡಿಯವರು "ಕ್ಲೀನ್" ಮಾಡುವಾಗ ಗೊರಗೊರದ ಜೊತೆ ಅದನ್ನೂ ಒರೆಸಿಬಿಟ್ಟಿದ್ದರು. ಪೇಪರು ಹಿಡಿದು ಕೂತಿದ್ದ ಇವರು ಅದನ್ನು ಮಡಿಚಿಟ್ಟು, "ಅತ್ತೆ ಇಲ್ಲೇ ಕೂತ ಹಾಗಿದೆ" ಎಂದರು.

ಡಾಕ್ ಮೇಷ್ಟ್ರಿಗೆ ವಾಪಸ್ಸು ಹೋಯಿತು. ಅದರಲ್ಲಿ ದೋಷವಿತ್ತೆಂದಲ್ಲ. ಏನೂ ಕಳೆಯದ ಹಾಡು, ಒಳ್ಳೆಯ ಸ್ಪೀಕರು, ವ್ಯತ್ಯಾಸ ಹಿಡಿಯುವ ಕಿವಿ, ಈ ಮೂರೂ ಇರುವವರಿಗೆ ಅದು ಸಾರ್ಥಕ. ಅದರ 30 ಪಿನ್ನಿನ ಕೊಂಡಿಯನ್ನು ಆಪಲ್‌ನವರು 2012ರಲ್ಲೇ ಬದಲಿಸಲು ತೊಡಗಿದರು, ಐಪಾಡ್ ಕ್ಲಾಸಿಕ್ 2014ರಲ್ಲಿ ನಿಂತಿತು, ಕೊನೆಗೆ ಉಳಿದಿದ್ದ ಐಪಾಡ್ ಟಚ್ ಕೂಡ 2022ರಲ್ಲಿ. ನನ್ನ ಮುದಿ ಐಪಾಡ್ ಕಣ್ಣು ಮುಚ್ಚಿದ ದಿನ ಆ 28,000ದ ಪೀಠದ ಮೇಲೆ ಏನು ಕೂರಿಸಲಿ?

ಡಬ್ಬಿಯ ದುಡ್ಡಿನಲ್ಲಿ ಡೆಕ್ ರಿಪೇರಿ ಆಯಿತು, ಎರಡು ಹಾರ್ಡ್ ಡಿಸ್ಕ್ ಬಂದವು. ಅಮ್ಮನ ಹಾಡು ಒಂದರಲ್ಲಿ ನಮ್ಮಲ್ಲಿದೆ, ಇನ್ನೊಂದರಲ್ಲಿ ತಂಗಿಯ ಮನೆಯಲ್ಲಿ. ಮನೆಯ ಸಿ.ಡಿ.ಗಳನ್ನು ಮಗನ ಹಳೆಯ ಲ್ಯಾಪ್‌ಟಾಪಿನಲ್ಲಿ ದಿನಕ್ಕೆರಡರಂತೆ ಲಾಸ್‌ಲೆಸ್ ಆಗಿ ಮತ್ತೆ ತುಂಬಿಸುತ್ತಿದ್ದೇನೆ. ಉಳಿದ ಹಣ ಡಬ್ಬಿಯಲ್ಲೇ ಇದೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದೊಂದು ಕ್ಯಾಸೆಟ್ ಇದ್ದೀತು. ಹೊಸ ಯಂತ್ರದ ಬೆಲೆ ವಿಚಾರಿಸುವ ಮುಂಚೆ ಒಮ್ಮೆ ಏಣಿ ಹಾಕಿ ನೋಡಿ. ಸಿಕ್ಕಿದರೆ ಬಿಸಿಲಿಗಿಡಬೇಡಿ, ಸ್ಪೀಕರಿನ ಮೇಲಿಡಬೇಡಿ, ಕಂಪ್ಯೂಟರಿಗೆ ಏರಿಸಿದ ಮೇಲೂ ಎಸೆಯಬೇಡಿ.

ಮೊನ್ನೆ ಪಕ್ಕದ ಮನೆಯಾಕೆ ಮತ್ತೆ ಕೇಳಿದರು, "ಈಗ ಹುಷಾರಾ?" ಎಂದು. ಒಳಗೆ ಕರೆದು ಕಾಫಿ ಕೊಟ್ಟು, ಹಳೆಯ ಡಾಕಿನ ಮೇಲೆ ಅಮ್ಮನ ಉರುಟಣೆ ಹಾಡು ಹಾಕಿದೆ. ಹಾಡು ಮುಗಿಯುವವರೆಗೆ ಅವರು ಲೋಟ ಕೆಳಗಿಡಲಿಲ್ಲ.