ಹಗರಿ ಮರಳಿನಲ್ಲಿ ಮುಕ್ಕಾಲು ಗಂಟೆ

ಸೈಕಲ್ ಪಂದ್ಯವನ್ನು ಆಷಾಢದಲ್ಲೇ ಇಡಬೇಕೆಂದು ಹಟ ಹಿಡಿದವನು ನನ್ನ ಬಾಮೈದ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕಡೆ ಕಟಿಂಗ್ ಮಾಸ್ಟರ್. ಯುರೋಪಿನವರು ಸೈಕ್ಲೋಕ್ರಾಸ್ ಆಡುವುದು ಚಳಿಗಾಲದಲ್ಲಿ, ಮಳೆ ಬಿದ್ದು ನೆಲವೆಲ್ಲ ಕೆಸರಾದಾಗ. ‘ನಮ್ಮ ಕಡಿ ಕೆಸರು ಎಲ್ಲಿಂದ ತರೂದು ಭಾವ? ನಮ್ ಕೆಟ್ಟ ಕಾಲ ಅಂದ್ರ ಆಷಾಢದ ಗಾಳಿ. ಅದರಾಗ ಆಡೂಣು’ ಅಂದ. ಬಳ್ಳಾರಿ, ಹಿಂದೂಪುರದ ಕಡೆಯ ಒಂದಷ್ಟು ಸೈಕಲ್ ಹುಚ್ಚಿನವರು ಫೋನಿನಲ್ಲೇ ಹೂಂ ಅಂದರು. ಬಹುಮಾನವಿಲ್ಲ, ಬ್ಯಾನರಿಲ್ಲ. ಆಮೇಲೆ ಉಗ್ಗಾಣಿ, ಬಜ್ಜಿ ಮಾತ್ರ ಗ್ಯಾರಂಟಿ.

ನಾನು ಮಡಕಶಿರಾ ಕಡೆಯವನು, ಕನ್ನಡ ಮಾಧ್ಯಮದ ಶಾಲೆಯಲ್ಲಿ ಮೇಷ್ಟ್ರು. ಅಗಳಿ, ರೊಳ್ಳದ ಕಡೆ ಅಡಿಕೆ ತೋಟಗಳಿವೆ, ಕೆರೆಗಳಿವೆ, ನೆಲ ಕೆಂಪು, ಗಟ್ಟಿ. ಭಾನುವಾರ ಬೆಳಿಗ್ಗೆ ಹೇಮಾವತಿಯ ನೊಳಂಬರ ಗುಡಿಗಳವರೆಗೆ ಸೈಕಲ್ ತುಳಿದು ಬರುವುದು ನನ್ನ ರೂಢಿ. ಹೆಂಡತಿಯ ತವರು ರಾಯದುರ್ಗ. ಎರಡೂ ಒಂದೇ ಅನಂತಪುರ ಜಿಲ್ಲೆ ಎಂದುಕೊಂಡು ಬೆಳೆದವರು ನಾವು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಪಾವಗಡ, ಕಲ್ಯಾಣದುರ್ಗದ ಮೇಲೆ ಹಾಯ್ದು ಹೋದರೆ ಹಾದಿಯಲ್ಲಿ ಕರ್ನಾಟಕವೂ ಒಂದು ಸಲ ಬಂದು ಹೋಗುತ್ತದೆ. ನೆಲವೂ ಹಾಗೇ ಬದಲಾಗುತ್ತದೆ. ಅದು ಎಷ್ಟು ಬದಲಾಗುತ್ತದೆ ಎಂಬುದು ನನ್ನ ಮೊಣಕಾಲಿಗೆ ಆ ದಿನ ತಿಳಿಯಿತು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಸೈಕ್ಲೋಕ್ರಾಸ್ ಹುಟ್ಟಿದ್ದು ಫ್ರಾನ್ಸಿನಲ್ಲಿ. 1902ರಲ್ಲಿ ಅಲ್ಲಿ ಮೊದಲ ರಾಷ್ಟ್ರೀಯ ಪಂದ್ಯ ನಡೆಯಿತು, 1950ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ವಿಶ್ವ ಪಂದ್ಯ. ಎರಡು ಮೂರು ಕಿಲೋಮೀಟರಿನ ಸುತ್ತು, ಅದರಲ್ಲಿ ಹುಲ್ಲು, ಕೆಸರು, ಮರಳು, ಏರು. ದಾರಿಗಡ್ಡ 40 ಸೆಂಟಿಮೀಟರ್ ಎತ್ತರದ ಹಲಗೆ. ಇಷ್ಟು ದೂರ ಎಂದು ಅಳೆಯುವ ಪಂದ್ಯವಲ್ಲ, ಗಡಿಯಾರ ನೋಡಿ ಮುಗಿಸುವುದು. ತುಳಿಯಲು ಆಗದ ಕಡೆ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ ಓಡಬೇಕು. ಬೆಲ್ಜಿಯಂನಲ್ಲಿ ಕೊಕ್ಸೈಡೆ ಎಂಬ ಊರಿನ ಮರಳುದಿಬ್ಬಗಳ ಮೇಲೆ 1994ರಲ್ಲೂ 2012ರಲ್ಲೂ ವಿಶ್ವ ಪಂದ್ಯವೇ ನಡೆಯಿತು. ಆ ವಿಡಿಯೊ ನೋಡಿದ ಮೇಲೆಯೇ ನನ್ನ ಬಾಮೈದನಿಗೆ ತನ್ನೂರ ಕಡೆಯ ಕಣೇಕಲ್‌ನ ಮರಳುದಿಬ್ಬಗಳು ನೆನಪಾದದ್ದು.

ಇಳಿದು ಹೊರುವ ವಿಚಾರ ಮಾತ್ರ ನನ್ನ ಮನಸ್ಸಿಗೆ ಹತ್ತಿರಲಿಲ್ಲ. ಚಿಕ್ಕಂದಿನಲ್ಲಿ ಊರಿಗೆ ಸೈಕಲ್ ಸರ್ಕಸ್‌ನವರು ಬರುತ್ತಿದ್ದರು. ಮೈದಾನದಲ್ಲಿ ಒಬ್ಬ ಮನುಷ್ಯ ಹಗಲು ರಾತ್ರಿ ಸುತ್ತುತ್ತಲೇ ಇರುತ್ತಿದ್ದ. ಸ್ನಾನ, ಊಟ ಎಲ್ಲ ಸೀಟಿನ ಮೇಲೆಯೇ. ಕಾಲು ನೆಲಕ್ಕೆ ತಾಗಿದರೆ ಅವನ ಮಾನ ಹೋಯಿತು. ಅದನ್ನು ಬಾಯಿ ಬಿಟ್ಟುಕೊಂಡು ನೋಡಿದವನು ನಾನು.

ರಾಯದುರ್ಗದಿಂದ ಕಣೇಕಲ್, ಬೊಮ್ಮನಹಾಳ್ ಕಡೆ ಹೋದರೆ ವೇದಾವತಿ ಸಿಗುತ್ತದೆ. ಅಲ್ಲಿಯವರಿಗೆ ಅದು ಹಗರಿ. ಭೈರವಾನಿತಿಪ್ಪ ಅಣೆಕಟ್ಟೆಯ ಕೆಳಗೆ ವರ್ಷದ ಬಹುಪಾಲು ಹೊಳೆಯಲ್ಲಿ ಮರಳೇ ಹರಿಯುತ್ತದೆ ಎನ್ನಬೇಕು. ಇದೇ ಹೊಳೆಗೆ ಮೇಲೆ ಕಟ್ಟಿದ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ 2022ರಲ್ಲಿ ತುಂಬಿ ಕೋಡಿ ಬಿದ್ದಾಗ ಈ ಕಡೆಗೂ ನೀರು ಕಂಡಿತ್ತು. ಅದು ಅಪರೂಪ. ಅನಂತಪುರ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆಯೇ ಸುಮಾರು 550 ಮಿಲಿಮೀಟರ್. ಮುಂಗಾರಿನ ಮೋಡ ಪಡುವಲ ಘಟ್ಟದಲ್ಲೇ ಖಾಲಿಯಾಗಿ, ಇಲ್ಲಿಗೆ ಬರುವುದು ಅದರ ಗಾಳಿ ಮಾತ್ರ. ಒಣಗಿದ ಹೊಳೆಯ ಮರಳನ್ನು ಆ ಗಾಳಿ ಎತ್ತಿ ಮೂಡಲ ದಿಕ್ಕಿನ ಹೊಲಗಳ ಮೇಲೆ ಸುರಿಯುತ್ತದೆ. ದಿಬ್ಬಗಳು ಬೆಳೆದದ್ದು ಹೀಗೆ.

ಸುತ್ತು ಸರಳವಾಗಿತ್ತು. ಗಟ್ಟಿ ಬಂಡಿದಾರಿ, ಬಳ್ಳಾರಿ ಜಾಲಿಯ ಪೊದೆಗಳ ನಡುವೆ ಒಂದು ಓಣಿ, ಹೊಳೆಯ ಪಾತ್ರ, ದಿಬ್ಬದ ಏರು, ನೆಲದಿಂದ ಮೊಳದಷ್ಟು ಎದ್ದ ಕಲ್ಲುಕಂಬಗಳ ಸಾಲು, ಇಳಿತ. ಮುಕ್ಕಾಲು ಗಂಟೆ ಆದ ಮೇಲೆ ತಟ್ಟೆ ಬಡಿಯುತ್ತಾರೆ, ಆಗ ಕೊನೆಯ ಸುತ್ತು. ಟೈರಿನ ಗಾಳಿ ಅರ್ಧ ಇಳಿಸಿಕೊಂಡೆ. ಮರಳಿನಲ್ಲಿ ಟೈರು ಅಗಲವಾಗಿ ಕೂರಬೇಕು.

ಮೊದಲ ಸಲ ಹೊಳೆಗೆ ಇಳಿದಾಗಲೇ ಮುಂದಿನ ಚಕ್ರ ಹೂತಿತು, ನಾನು ಹ್ಯಾಂಡಲ್ ದಾಟಿ ಬಿದ್ದೆ. ಮರಳು ಮೆತ್ತಗೆ ಎನ್ನುವವರು ಬಿದ್ದು ನೋಡಬೇಕು. ಎದ್ದು ಮತ್ತೆ ಹತ್ತಿದೆ. ಭಾರವನ್ನು ಹಿಂದಕ್ಕೆ ಬಿಡಬೇಕು, ಮುಂದಿನವನ ಚಕ್ರದ ಗೆರೆಯಲ್ಲೇ ಹೋಗಬೇಕು, ಪೆಡಲ್ ನಿಲ್ಲಿಸಬಾರದು. ಇದೆಲ್ಲ ಗೊತ್ತಿತ್ತು. ಆದರೆ ಆ ಗಾಳಿಯಲ್ಲಿ ಗೆರೆ ಉಳಿಯುತ್ತಿರಲಿಲ್ಲ. ಮುಂದಿನವನು ದಾಟಿ ನಾನು ತಲುಪುವಷ್ಟರಲ್ಲಿ ಅದು ಮುಚ್ಚಿಹೋಗಿರುತ್ತಿತ್ತು. ಬಾಮೈದ ದಡದ ಮೇಲಿಂದ ಕೂಗಿದ: ‘ತುಳೀಬ್ಯಾಡ್ರಿ ಭಾವ, ಇಳದು ಹೊತ್ಕಳ್ರಿ!’ ಸರ್ಕಸ್ಸಿನವನನ್ನು ಮನಸ್ಸಿನಿಂದ ಇಳಿಸಿ, ನಾನೂ ಇಳಿದೆ.

ಹೊರುವುದು ಇನ್ನೊಂದು ಕಷ್ಟ. ಪಂದ್ಯದವರ ಸೈಕಲ್ಲು ಏಳೆಂಟು ಕೆ.ಜಿ. ಇರುತ್ತದಂತೆ. ನನ್ನದು ಅದರ ಹತ್ತಿರ ಹತ್ತಿರ ಎರಡರಷ್ಟು. ಹೆಗಲ ಮೂಳೆಗೆ ಬಾರ್ ಒತ್ತುತ್ತದೆ. ಅಡ್ಡಗಾಳಿ ಬೀಸಿದಾಗ ಎರಡೂ ಚಕ್ರ ಸೇರಿ ಮನುಷ್ಯನನ್ನೇ ತಿರುಗಿಸಿಬಿಡುತ್ತವೆ. ದಿಬ್ಬದ ಏರಿನಲ್ಲಿ ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ. ಮರಳು ಹಲ್ಲಿನಲ್ಲಿ ಕರಕರ, ಕಿವಿಯಲ್ಲಿ, ರೆಪ್ಪೆಯೊಳಗೆ. ಬಾಟಲಿಯ ಬಾಯಿಗೆ ಮರಳು ಮೆತ್ತಿ, ಕುಡಿದ ನೀರನ್ನೂ ಉಗುಳಬೇಕಾಯಿತು. ಚೈನು ಅರೆಯತೊಡಗಿತು, ಗೇರು ಒಂದೇ ಹಲ್ಲಿಗೆ ಕಚ್ಚಿಕೊಂಡಿತು, ಆಮೇಲೆ ಅಲ್ಲಾಡಲೇ ಇಲ್ಲ.

ಓಣಿಯಲ್ಲಿ ಜಾಲಿ ತಪ್ಪಿಸಲು ಹೋಗಿ ಕೈಯೂರಿದೆ. ಮುಳ್ಳು ಅಂಗೈಯೊಳಗೆ ಮುರಿಯಿತು. ಮೀನಖಂಡ ಎಳೆದುಕೊಂಡದ್ದು ಅಲ್ಲೇ. ಕೂತು ಕಾಲು ನೀವಿಕೊಳ್ಳುತ್ತಿದ್ದಾಗ ಹಿಂದಿನವರೆಲ್ಲ ಮುಂದೆ ಹೋದರು. ಬಿಟ್ಟುಬಿಡೋಣ ಅನ್ನಿಸಿತು. ಆದರೆ ಬಿಟ್ಟರೂ ಸೈಕಲ್ಲಿನ ಜೊತೆ ಅದೇ ಮರಳು ದಾಟಿಯೇ ಊರ ರಸ್ತೆ ಸೇರಬೇಕಿತ್ತು. ಹಾಗಾಗಿ ಮುಂದುವರಿದೆ. ಇದರಲ್ಲಿ ಛಲದ ಮಾತೇನೂ ಇಲ್ಲ.

ತಟ್ಟೆ ಬಡಿದ ಸದ್ದು ಕೇಳಿದ ಸ್ವಲ್ಪ ಹೊತ್ತಿಗೆ ಹಿಂದಿನ ಟೈರು ಕೂತಿತು. ನೆಗ್ಗಿಲು ಮುಳ್ಳು. ಆ ಸುತ್ತನ್ನು ತುಳಿಯಲೇ ಇಲ್ಲ, ನೂಕಿದೆ, ಹೊತ್ತೆ, ನೂಕಿದೆ. ಎಲ್ಲರಿಗಿಂತ ಕೊನೆಗೆ ಬಂದೆ. ಮೊದಲು ಬಂದವನು ಬಳ್ಳಾರಿಯ ಹುಡುಗ, ಅಗಲ ಟೈರಿನ ಸೈಕಲ್ಲಿನವನು. ದೊಡ್ಡ ಪಂದ್ಯಗಳಲ್ಲಿ 33 ಮಿಲಿಮೀಟರಿಗಿಂತ ಅಗಲದ ಟೈರಿಗೆ ಅವಕಾಶವಿಲ್ಲ ಎಂದು ಯಾರೋ ತಕರಾರು ತೆಗೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಖ ತೊಳೆಯಲು ನೀರು ಕೊಟ್ಟವರು ಅಲ್ಲೇ ಕುರಿ ಬಿಟ್ಟಿದ್ದ ಒಬ್ಬ ಹಿರಿಯರು. ನಾವು ಹಾರುತ್ತಿದ್ದ ಕಲ್ಲುಕಂಬಗಳನ್ನು ತೋರಿಸಿ ಕೇಳಿದರು: ‘ಅವು ಏನಂತ ತಿಳಿದೀರಿ ಮೇಷ್ಟ್ರೆ? ನಮ್ ಹೊಲದ ಬೇಲಿ. ನಾ ಹುಡುಗ ಇದ್ದಾಗ ನನ್ ಎದೀಮಟ ಇದ್ವು. ಕೆಳಗ ಶೇಂಗಾ ಹೊಲ ಐತಿ.’ ಸಿಟ್ಟಿರಲಿಲ್ಲ ಅವರ ಮಾತಿನಲ್ಲಿ. ದಿಬ್ಬ ಹತ್ತುವಾಗ ನಮ್ಮ ಕಾಲಿಗೆ ಸಿಕ್ಕಿ ಕಿತ್ತುಬಂದ ಹುಲ್ಲನ್ನು ಮಾತ್ರ ಎತ್ತಿ ತೋರಿಸಿದರು. ಇಷ್ಟು ಮರಳನ್ನಾದರೂ ಹಿಡಿದುಕೊಂಡಿದ್ದದ್ದು ಆ ಬೇರು.

ಕಣ್ಣಿನ ಉರಿಗೆ ಮಾರನೆಯ ದಿನ ಡಾಕ್ಟರ ಬಳಿ ಹೋಗಬೇಕಾಯಿತು, ಅವರು ರೆಪ್ಪೆ ಮಗುಚಿ ಮರಳು ತೊಳೆದರು. ಅಂಗೈ ಕೀವಾಗಿ, ಸೀಮೆಸುಣ್ಣ ಎಡಗೈಗೆ ಬಂತು. ಚೈನು, ಬ್ರೇಕಿನ ರಬ್ಬರು ಹೊಸದು ಹಾಕಿಸಿದೆ.

ಬಾಮೈದ ಬರುವ ಆಷಾಢಕ್ಕೂ ಜನ ಸೇರಿಸುತ್ತಿದ್ದಾನೆ. ಬರುವವರು ಬನ್ನಿ. ಕನ್ನಡಕ, ಮೂಗು ಮುಚ್ಚುವ ಬಟ್ಟೆ, ಹೆಚ್ಚಿಗೆ ಎರಡು ಟ್ಯೂಬು ತನ್ನಿ. ಸುತ್ತನ್ನು ಹೊಳೆಯ ಪಾತ್ರದೊಳಗೇ ಹಾಕೋಣ. ದಿಬ್ಬ ಹತ್ತುವುದು ಬೇಡ, ಅದರ ಅಡಿಯ ಹೊಲಕ್ಕೆ ಒಡೆಯರಿದ್ದಾರೆ.