ಮುಖ ಇಲ್ಲ, ಕೈ ಮಾತ್ರ (ಭಾಗ 6)

ಇವತ್ತಿನ ಫೋಟೋದಲ್ಲಿ ಹಳೇ ಅಟ್ಲಾಸು, ಅದರ ಮೇಲೆ ಒಂದು ಕಪ್ಪು ಮಾರ್ಕರ್, ಅಷ್ಟೇ. ವಿಡಿಯೋ ಹಾಕ್ತೀನಿ ಅಂತ ಸ್ಟೋರಿಯಲ್ಲಿ ಹೇಳಿದ್ದೆ, ಹಾಕಿಲ್ಲ. ಯಾಕೆ ಅಂತ ಕೊನೇಲಿ ಹೇಳ್ತೀನಿ, ಪೂರ್ತಿ ಓದಿ.

ಬುಶ್ರಾ ಖಲೀಲಿ ಅಂತ ಒಬ್ಬ ಕಲಾವಿದೆ ಇದ್ದಾರೆ. 1975ರಲ್ಲಿ ಮೊರಾಕ್ಕೋದ ಕಾಸಾಬ್ಲಾಂಕಾದಲ್ಲಿ ಹುಟ್ಟಿದವರು. ವಿಡಿಯೋ ಮಾಡ್ತಾರೆ, ಸಿನಿಮಾ ಮಾಡ್ತಾರೆ, ಆದರೆ ಅವು ಹೆಚ್ಚಾಗಿ ಓಡೋದು ಟಾಕೀಸಲ್ಲಲ್ಲ, ಮ್ಯೂಸಿಯಂಗಳಲ್ಲಿ. 2018ರಲ್ಲಿ ಪ್ಯಾರಿಸ್‌ನ ಜು ದ ಪೋಮ್‌ನಲ್ಲಿ ‘ಬ್ಲ್ಯಾಕ್‌ಬೋರ್ಡ್’ ಅನ್ನೋ ಹೆಸರಲ್ಲಿ ಅವರ ಹಲವು ವರ್ಷಗಳ ಕೆಲಸವನ್ನ ಒಟ್ಟಿಗೆ ತೋರಿಸಿದ್ರು. ಆಗ ನಾನಿನ್ನೂ ಸ್ಕೂಲ್ ಹುಡುಗಿ. ಈಗ ನಾನು ನೋಡಿದ್ದೂ ಪ್ಯಾರಿಸ್‌ಗೆ ಹೋಗಿ ಏನಲ್ಲ. ಹಾಸ್ಟೆಲ್ ಮಂಚದ ಮೇಲೆ ಮಲಗಿ, ಫೋನಲ್ಲಿ, ತುಣುಕು ತುಣುಕಾಗಿ.

ಅವರ ಕೆಲಸದಲ್ಲಿ ಹೆಚ್ಚು ಜನಕ್ಕೆ ಗೊತ್ತಿರೋದು ‘ದಿ ಮ್ಯಾಪಿಂಗ್ ಜರ್ನಿ ಪ್ರಾಜೆಕ್ಟ್’. 2008ರಿಂದ 2011ರವರೆಗೆ ಮಾಡಿದ ಎಂಟು ವಿಡಿಯೋಗಳು. ಪ್ರತಿಯೊಂದರಲ್ಲೂ ಒಂದು ಮ್ಯಾಪು, ಒಂದು ಕೈ, ಒಂದು ಮಾರ್ಕರ್. ಕಾಗದಪತ್ರ ಇಲ್ಲದೆ ಗಡಿ ದಾಟಿದವರು ತಾವು ಬಂದ ದಾರಿಯನ್ನ ಗೆರೆ ಎಳೀತಾ ಹೇಳ್ತಾ ಹೋಗ್ತಾರೆ. ಮ್ಯೂಸಿಕ್ ಇಲ್ಲ, ಕಣ್ಣೀರಿನ ಕ್ಲೋಸಪ್ ಇಲ್ಲ, ಮುಖವೇ ಇಲ್ಲ. ದನಿ ಇದೆ, ಗೆರೆ ಇದೆ.

ಒಬ್ಬ ರಾಮಲ್ಲಾದ ಹುಡುಗ. ಅವನ ಹುಡುಗಿ ಇರೋದು ಜೆರುಸಲೇಮಲ್ಲಿ. ಎರಡು ಊರಿನ ನಡುವೆ ಹೆಚ್ಚೂಕಮ್ಮಿ 15 ಕಿಲೋಮೀಟರ್. ನಮಗಾದ್ರೆ ಸಿಟಿ ಬಸ್ಸಿನ ದೂರ. ಅವನಿಗೆ ಚೆಕ್‌ಪೋಸ್ಟು ತಪ್ಪಿಸ್ಕೊಂಡು, ಕದ್ದು ಸುತ್ತಿಬಳಸಿ ಹೋಗೋ ದಾರಿ. ಇನ್ನೊಬ್ಬ ಬಾಂಗ್ಲಾದೇಶದಿಂದ ಹೊರಟು ರೋಮ್ ಮುಟ್ಟಿದವನು. ಮ್ಯಾಪಲ್ಲಿ ದೇಶಗಳ ಗಡಿ ಮೊದಲೇ ಪ್ರಿಂಟ್ ಆಗಿದೆ. ಇವರ ಗೆರೆ ಅದನ್ನ ದಾಟಿ ಹೋಗುತ್ತೆ. ಆಮೇಲೆ ಖಲೀಲಿ ಇದೇ ಎಂಟು ದಾರಿಗಳನ್ನ ನೀಲಿ ಹಾಳೆಯ ಮೇಲೆ ನಕ್ಷತ್ರಪುಂಜದ ಹಾಗೆ ಪ್ರಿಂಟ್ ಮಾಡಿದ್ರು. ಅದರಲ್ಲಿ ಗಡಿಗಳೇ ಇಲ್ಲ, ಊರುಗಳೇ ಚುಕ್ಕಿಗಳು.

2012ರ ‘ಮದರ್ ಟಂಗ್’ನಲ್ಲಿ ಪ್ಯಾರಿಸ್‌ನ ಐದು ವಲಸಿಗರು ಮಾಲ್ಕಮ್ ಎಕ್ಸ್, ಎಮೆ ಸೆಸೇರ್, ದರ್ವೀಶ್ ಥರದವರ ಮಾತುಗಳನ್ನ ತಮ್ಮ ಮನೆಭಾಷೆಗೆ ತಂದು, ಬಾಯಿಪಾಠ ಮಾಡಿ ಹೇಳ್ತಾರೆ. ಮೊರಾಕ್ಕೋ ಅರಬ್ಬಿ, ಕಬೈಲ್, ದರಿ, ವೋಲೋಫ್, ಮಲಿಂಕೆ. ಇಲ್ಲಿ ಮುಖ ಕಾಣುತ್ತೆ. ಆದರೆ ‘ಪಾಪ’ ಅನ್ನಿಸಲ್ಲ. ಭಾಷಣ ಮಾಡ್ತಿರೋರನ್ನ ನೋಡಿ ಯಾರು ಪಾಪ ಅಂತಾರೆ?

ಈಗ ನನ್ನ ವಿಷಯಕ್ಕೆ ಬರ್ತೀನಿ.

ಕ್ಲಾಸಲ್ಲಿ ಬ್ಯಾಲೆನ್ಸ್ ಆಫ್ ಪೇಮೆಂಟ್ಸ್ ಓದಿದ್ವಲ್ಲ, ಅದರಲ್ಲಿ ರೆಮಿಟೆನ್ಸ್ ಅಂತ ಒಂದು ಸಾಲು ಬರುತ್ತೆ. ಹೊರದೇಶದಲ್ಲಿ ದುಡಿಯೋರು ಮನೆಗೆ ಕಳಿಸೋ ದುಡ್ಡು. ಅದನ್ನ ಪಡೆಯೋದರಲ್ಲಿ ಭಾರತವೇ ಜಗತ್ತಿಗೆ ಮೊದಲು, 2022ರಲ್ಲಿ 100 ಬಿಲಿಯನ್ ಡಾಲರ್ ದಾಟಿತು. ಪರೀಕ್ಷೇಲಿ ಬರೆದೆ, ಮಾರ್ಕ್ಸೂ ಬಂತು. ನಮ್ಮ ಮಾವ ಎಂಟು ವರ್ಷ ದಮ್ಮಾಮ್‌ನಲ್ಲಿದ್ದು ಆ ಸಾಲಿಗೆ ದುಡ್ಡು ಸೇರಿಸಿದವರು ಅನ್ನೋದು ಮಾತ್ರ ತಲೆಗೇ ಬಂದಿರಲಿಲ್ಲ. ನನ್ನ ಪಿಯುಸಿ ಫೀಸೂ ಅದರಲ್ಲೇ ಬಂದಿತ್ತು.

ಮಾವನ ಕಥೆ ಆ ಎಂಟು ಜನರ ಕಥೆ ಅಲ್ಲ. ಅವರ ಹತ್ರ ಪಾಸ್‌ಪೋರ್ಟ್ ಇತ್ತು, ವೀಸಾ ಇತ್ತು, ವಿಮಾನದಲ್ಲೇ ಹೋಗಿದ್ರು. ಎರಡನ್ನೂ ಒಂದೇ ತಕ್ಕಡೀಲಿ ಹಾಕಲ್ಲ. ಆದ್ರೆ ವಾಪಸ್ ಬಂದಾಗ ನಾವೆಲ್ಲ ಕೇಳಿದ್ದು ಒಂದೇ, ‘ಏನ್ ತಂದ್ರಿ?’

ಹೋದ ಭಾನುವಾರ ಊರಿಗೆ ಹೋದಾಗ ಅಟ್ಲಾಸು, ಮಾರ್ಕರ್ ಮುಂದಿಟ್ಟು ‘ಮಾವ, ನೀವು ಹೋದ ದಾರಿ ಹಾಕಿ’ ಅಂದೆ. ನಕ್ಕರು. ‘ಏನೇ ಪುಟ್ಟಿ, ನಂಗೆ ಪರೀಕ್ಷೆನಾ?’ ಆಮೇಲೆ ಊರಿಂದ ಮುಂಬೈಗೆ ಗೆರೆ ಎಳೆದು, ಅಲ್ಲೇ ಮಾರ್ಕರ್ ನಿಲ್ಲಿಸಿದ್ರು. ‘ಇಲ್ಲಿ ಇಪ್ಪತ್ತಾರು ದಿನ. ಏಜೆಂಟ್ ಇವತ್ತು ನಾಳೆ ಅಂತಿದ್ದ. ಒಂದು ರೂಮಲ್ಲಿ ಹದಿನಾಲ್ಕು ಜನ.’ ಅಮ್ಮ ಒಳಗೆ ಅಕ್ಕಿ ಆರಿಸ್ತಿದ್ದೋರು ಎದ್ದು ಬಂದು ಬಾಗಿಲಲ್ಲಿ ನಿಂತ್ರು. ಅವರಿಗೂ ಅದು ಗೊತ್ತಿರಲಿಲ್ಲ. ಅಷ್ಟು ದಿನ ಮಾವ ‘ತಲುಪಿದೀನಿ, ಚೆನ್ನಾಗಿದೀನಿ’ ಅಂತ ಫೋನ್ ಮಾಡ್ತಿದ್ರಂತೆ.

ಮಾರ್ಕರ್ ನಿಂತಲ್ಲೇ ಇಂಕು ಹರಡಿ ಮುಂಬೈ ದೊಡ್ಡ ಚುಕ್ಕಿ ಆಯ್ತು.

ಆ ಕೈಯನ್ನ ನಾನು ಶೂಟ್ ಮಾಡಿದೀನಿ. ಮುಖ ಇಲ್ಲವಲ್ಲ, ಹಾಕ್ಲಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರೆಯೋದಾದ್ರೆ ಬರಿ. ವಿಡಿಯೋ ಬೇಡಮ್ಮ, ಊರೋರಿಗೆ ನನ್ನ ದನಿ ಗೊತ್ತು’ ಅಂದ್ರು.

ಅದಕ್ಕೇ ಹಾಕಿಲ್ಲ. ಕೈ ಸಿಕ್ಕಿದ್ರೆ ಸಾಲದು, ಒಪ್ಪಿಗೆ ಬೇಕು. ಖಲೀಲಿ ಆ ಎಂಟು ಜನರನ್ನ ಭೇಟಿ ಮಾಡಿ, ಕೇಳಿ, ಅವರು ಹೇಳ್ತೀವಿ ಅಂದ ಮೇಲೆ ಕ್ಯಾಮೆರಾ ಇಟ್ಟವರು. ನಾನು ಮೊದಲು ಶೂಟ್ ಮಾಡಿ ಆಮೇಲೆ ಕೇಳಿದವಳು.

ನಿಮ್ಮ ಮನೇಲೂ ದೂರ ಹೋಗಿ ಬಂದೋರು ಯಾರಾದ್ರೂ ಇದ್ರೆ, ಈ ವಾರ ಒಂದು ಸಲ ಮ್ಯಾಪ್ ಕೊಟ್ಟು ನೋಡಿ. ಫೋನ್ ಪಕ್ಕಕ್ಕಿಟ್ಟು.

ಭಾಗ 7 ಇಂಟರ್ನಲ್ಸ್ ಮುಗಿದ ಮೇಲೆ.

#ಬುಶ್ರಾಖಲೀಲಿ #ಹಾಸ್ಟೆಲ್‌ಸಿನಿಮಾ #ಬಿಕಾಂಡೈರಿ